ಎಂಟು ತಾಸಿನ ದಾರಿಗೆ ಒಂದು ತಿಂಗಳು

1982ರ ಮೇ 9ರಂದು ಪ್ಯಾರಿಸ್ಸಿನಲ್ಲಿದ್ದ ಲೇಖಕರೊಬ್ಬರು ಹೆದ್ದಾರಿ ನೋಡಿಕೊಳ್ಳುವ ಕಂಪನಿಯ ನಿರ್ದೇಶಕರಿಗೆ ಒಂದು ಪತ್ರ ಬರೆದರು. ತಾವೂ ತಮ್ಮ ಹೆಂಡತಿಯೂ ವ್ಯಾನಿನಲ್ಲಿ ಪ್ಯಾರಿಸ್ಸಿನಿಂದ ಮಾರ್ಸೇಗೆ ಹೊರಡಬೇಕೆಂದಿದ್ದೇವೆ, ದಾರಿಯಲ್ಲಿ 65 ತಂಗುದಾಣಗಳಿವೆ, ದಿನಕ್ಕೆ ಎರಡರಂತೆ ಅಷ್ಟರಲ್ಲೂ ನಿಲ್ಲುತ್ತೇವೆ, ಹೀಗೆ ಒಂದು ತಿಂಗಳಿಗಿಂತ ತುಸು ಹೆಚ್ಚು ಕಾಲ ಹೆದ್ದಾರಿಯಿಂದ ಕೆಳಗಿಳಿಯದೆ ಅದರ ಮೇಲೆಯೇ ಇರುತ್ತೇವೆ ಎಂಬುದು ಪತ್ರದ ಸಾರ. ಒಂದು ವಾಹನ ಎರಡು ದಿನಕ್ಕಿಂತ ಹೆಚ್ಚು ಕಾಲ ಹೆದ್ದಾರಿಯ ಮೇಲೆ ಇರುವಂತಿಲ್ಲ ಎಂಬ ನಿಯಮವೊಂದರ ಬಗ್ಗೆ ಅವರಿಗೆ ಅಳುಕಿತ್ತು. ಕೊನೆಯ ಟೋಲ್ ಗೇಟಿನಲ್ಲಿ ತಕರಾರು ಬೇಡವೆಂದು ಮೊದಲೇ ಅನುಮತಿ ಕೇಳಿದ್ದರು.

ಈ ದೂರ ಹೆಚ್ಚುಕಡಿಮೆ 800 ಕಿಲೋಮೀಟರ್. ರಸ್ತೆ ಖಾಲಿಯಿದ್ದರೆ ಎಂಟು ತಾಸಿನ ದಾರಿ. ಬೆಳಿಗ್ಗೆ ಪ್ಯಾರಿಸ್ಸಿನಲ್ಲಿ ಕಾಫಿ ಕುಡಿದು ಹೊರಟವರು ಸಂಜೆ ಮಾರ್ಸೇಯಲ್ಲಿ ಸಮುದ್ರ ನೋಡಬಹುದು. ಇಂಥ ದಾರಿಗೆ ಒಂದು ತಿಂಗಳು ಬೇಕೆಂದು ಕೇಳುವ ಪತ್ರವನ್ನು ಆ ಕಚೇರಿಯಲ್ಲಿ ಯಾರು ಓದಿದರೋ, ಯಾವ ಫೈಲಿಗೆ ಸೇರಿಸಿದರೋ! ಅವರು ಎರಡು ವಾರ ಕಾದರು. ಉತ್ತರ ಬರಲಿಲ್ಲ. ಮೇ 23ರ ಭಾನುವಾರ ಗಂಡಹೆಂಡತಿ ಹೊರಟೇಬಿಟ್ಟರು.

ಪತ್ರ ಬರೆದವರು ಹೂಲಿಯೊ ಕೊರ್ತಾಸಾರ್, ಅರ್ಜೆಂಟೀನಾದ ಕತೆಗಾರ, ಕಾದಂಬರಿಕಾರ. ಹೆಂಡತಿ ಕ್ಯಾರಲ್ ಡನ್‌ಲಪ್, ಲೇಖಕಿ ಮತ್ತು ಛಾಯಾಗ್ರಾಹಕಿ. ಇಬ್ಬರೂ ಸೇರಿ ಬರೆದ ಆ ಪ್ರವಾಸದ ಪುಸ್ತಕ 1983ರಲ್ಲಿ ಸ್ಪ್ಯಾನಿಶ್ ಮತ್ತು ಫ್ರೆಂಚ್ ಭಾಷೆಗಳಲ್ಲಿ ಬಂತು. ಸ್ಪ್ಯಾನಿಶ್ ಶೀರ್ಷಿಕೆ ‘ಲೋಸ್ ಆಟೊನಾಟಾಸ್ ದೆ ಲಾ ಕಾಸ್ಮೊಪಿಸ್ತಾ’. ಬಾಹ್ಯಾಕಾಶಕ್ಕೆ ಹೋಗುವವರಿಗೆ ಗಗನಯಾತ್ರಿಗಳು ಅನ್ನುವಂತೆ ಇವರು ಹೆದ್ದಾರಿಯಾತ್ರಿಗಳು. ಇಂಗ್ಲಿಷಿಗೆ ಅದು ಬರುವಷ್ಟರಲ್ಲಿ 2007 ಆಗಿತ್ತು. ನಾನು ಓದಿದ್ದು ಆ ಅನುವಾದವನ್ನು.

ನನ್ನ ಪಿಎಚ್.ಡಿ. ಇಪ್ಪತ್ತನೆಯ ಶತಮಾನದ ಪ್ರವಾಸ ಕಥನಗಳಲ್ಲಿ ರಸ್ತೆ ಬರುವ ಬಗೆಯ ಮೇಲೆ. ಎರಡು ವರ್ಷದ ಹಿಂದೆ ನಮ್ಮ ವಿಭಾಗದ ಸೆಮಿನಾರಿನಲ್ಲಿ ಈ ಪುಸ್ತಕದ ಬಗ್ಗೆ ಒಂದು ಪ್ರಬಂಧ ಮಂಡಿಸಿದ್ದೆ. ಶೀರ್ಷಿಕೆ ‘ವಿದಾಯದ ಪಯಣ’. ಅದಕ್ಕೆ ಕಾರಣವಿತ್ತು. ಪ್ರವಾಸ ಮುಗಿದು ಐದು ತಿಂಗಳೂ ಆಗುವ ಮೊದಲೇ, 1982ರ ನವೆಂಬರ್ 2ರಂದು, ಕ್ಯಾರಲ್ ತೀರಿಕೊಂಡರು. ಆಗ ಅವರಿಗೆ 36 ವರ್ಷ. 1984ರ ಫೆಬ್ರವರಿ 12ರಂದು ಕೊರ್ತಾಸಾರ್ ಕೂಡ ಹೋದರು. ಇದು ಗೊತ್ತಾದ ಮೇಲೆ ಪುಸ್ತಕದ ಪ್ರತಿ ಪುಟದಲ್ಲೂ ನನಗೆ ಸಾವೇ ಕಂಡಿತು. ಅವರು ನಿಧಾನವಾಗಿ ಹೋದದ್ದು ಉಳಿದ ದಿನಗಳನ್ನು ಎಳೆಯಲಿಕ್ಕೆ, ದಾರಿಯಲ್ಲಿ ತೆಗೆದ ಫೋಟೋಗಳೆಲ್ಲ ಕೊನೆಯ ಫೋಟೋಗಳು ಎಂದೆಲ್ಲ ಬರೆದಿದ್ದೆ. ಓದುವಾಗ ನನ್ನ ದನಿಯೇ ಒಂದೆರಡು ಕಡೆ ಭಾರವಾಯಿತು.

ಪ್ರಬಂಧ ಮುಗಿದಾಗ ಹಿಂದಿನ ಸಾಲಿನಲ್ಲಿ ಕೂತಿದ್ದ ನಿವೃತ್ತ ಮೇಷ್ಟ್ರೊಬ್ಬರು ಕೈಯೆತ್ತಿದರು. ‘ಚೆನ್ನಾಗಿದೆ. ಆದ್ರೆ ಹೊರಡೋ ದಿನ ಅವರಿಗೆ ಇದೆಲ್ಲ ಗೊತ್ತಿತ್ತೇನ್ರೀ?’ ಅಂದರು. ನಾನು ಅವರ ಕಾಯಿಲೆಗಳ ಬಗ್ಗೆ ಏನೋ ಹೇಳಹೊರಟೆ. ‘ಕಾಯಿಲೆ ಇರ್ಲಿ. ಹೊರಡೋಕೆ ಮುಂಚೆ ಅವರು ಏನೇನು ತಯಾರಿ ಮಾಡ್ಕೊಂಡ್ರು, ಅದನ್ನ ಹೇಳಿ’ ಅಂದರು. ನನ್ನ ಹತ್ತಿರ ಉತ್ತರವಿರಲಿಲ್ಲ. ನಾನು ಪುಸ್ತಕದ ಕೊನೆಯನ್ನು ಎಷ್ಟು ಗಮನವಿಟ್ಟು ಓದಿದ್ದೆನೋ ಮೊದಲ ಭಾಗವನ್ನು ಅಷ್ಟೇ ಅವಸರದಲ್ಲಿ ದಾಟಿಕೊಂಡು ಬಂದಿದ್ದೆ. ಈ ಬರಹ ಆ ಪ್ರಶ್ನೆಗೆ ತಡವಾಗಿ ಕೊಡುತ್ತಿರುವ ಉತ್ತರ.

*

ಮೊದಲು ಆ ಇಬ್ಬರ ಬಗ್ಗೆ. ಕೊರ್ತಾಸಾರ್ ಹುಟ್ಟಿದ್ದು 1914ರಲ್ಲಿ, ಬೆಲ್ಜಿಯಂನ ಬ್ರಸೆಲ್ಸ್‌ನಲ್ಲಿ. ಬೆಳೆದದ್ದು ಅರ್ಜೆಂಟೀನಾದಲ್ಲಿ. 1951ರಲ್ಲಿ ಫ್ರಾನ್ಸಿಗೆ ಬಂದವರು ಅಲ್ಲೇ ನಿಂತರು. ಹೊಟ್ಟೆಪಾಡಿಗೆ ಯುನೆಸ್ಕೋದಲ್ಲಿ ಅನುವಾದದ ಕೆಲಸ. ಆ ಕೆಲಸದ ದೆಸೆಯಿಂದ ಭಾರತಕ್ಕೂ ಬಂದಿದ್ದರು. 1968ರಲ್ಲಿ ಬಂದಾಗ ಜೈಪುರದ ಜಂತರ್ ಮಂತರಿನ ಫೋಟೋ ತೆಗೆದುಕೊಂಡು ಹೋಗಿ, ಮುಂದೆ ಅದರಿಂದ ಒಂದು ಪುಟ್ಟ ಪುಸ್ತಕ ಮಾಡಿದರು. ಅವರಿಗೆ ಜಗತ್ತಿನ ತುಂಬ ಹೆಸರು ತಂದದ್ದು 1963ರ ಕಾದಂಬರಿ ‘ರಾಯುಎಲಾ’. ಆ ಪದಕ್ಕೆ ನಮ್ಮಲ್ಲಿ ಒಳ್ಳೆಯ ಮಾತಿದೆ: ಕುಂಟೆಬಿಲ್ಲೆ. ಅಧ್ಯಾಯಗಳನ್ನು ಸಾಲಾಗಿಯೂ ಓದಬಹುದು, ಲೇಖಕ ಕೊಟ್ಟ ಪಟ್ಟಿಯ ಪ್ರಕಾರ ಮನೆಯಿಂದ ಮನೆಗೆ ಹಾರುತ್ತಲೂ ಓದಬಹುದು.

ಕ್ಯಾರಲ್ ಹುಟ್ಟಿದ್ದು 1946ರಲ್ಲಿ, ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ. ಆಮೇಲೆ ಕೆನಡಾದ ಮಾಂಟ್ರಿಯಲ್‌ನಲ್ಲಿ ನೆಲೆಸಿದರು. ಮನೆಮಾತು ಇಂಗ್ಲಿಷ್. ಬರೆಯಲು ಆರಿಸಿಕೊಂಡದ್ದು ಫ್ರೆಂಚ್. ಇಬ್ಬರ ಪರಿಚಯ ಆದದ್ದು 1977ರಲ್ಲಿ, ಮಾಂಟ್ರಿಯಲ್‌ನಲ್ಲಿ. ವಯಸ್ಸಿನ ಅಂತರ 32 ವರ್ಷ.

ಹೀಗಾಗಿ ಫ್ರಾನ್ಸ್ ಇಬ್ಬರಿಗೂ ಪರದೇಶವೇ. ಅರ್ಜೆಂಟೀನಾದಲ್ಲಿ 1976ರಿಂದ ಸೇನೆಯ ಆಳ್ವಿಕೆ ನಡೆದಿತ್ತು. ಸ್ವಇಚ್ಛೆಯಿಂದ ಬಂದಿದ್ದ ಕೊರ್ತಾಸಾರ್ ಈಗ ಮರಳಲಾಗದ ದೇಶಭ್ರಷ್ಟರಾಗಿದ್ದರು. ಮೂವತ್ತು ವರ್ಷ ಫ್ರಾನ್ಸಿನಲ್ಲಿದ್ದ ಮೇಲೆ, 1981ರಲ್ಲಿ, ಅಧ್ಯಕ್ಷ ಮಿತ್ತರಾಂ ಅವರ ಸರ್ಕಾರ ಅವರಿಗೂ ಚೆಕ್ ಲೇಖಕ ಮಿಲಾನ್ ಕುಂದೇರಾ ಅವರಿಗೂ ಫ್ರೆಂಚ್ ಪೌರತ್ವ ಕೊಟ್ಟಿತು. ಹಾಗೆ ಕಾಗದದ ಮೇಲೆ ತಮ್ಮದಾದ ದೇಶವೊಂದರಲ್ಲಿ, ಮರುವರ್ಷವೇ, ಅವರು ಹೆಂಡತಿಯ ಜೊತೆ ಈ ಪ್ರವಾಸಕ್ಕೆ ಹೊರಟದ್ದು.

*

ಅವರು ಆರಿಸಿಕೊಂಡ ರಸ್ತೆಗೂ ಒಂದು ಚರಿತ್ರೆಯಿದೆ. ಅದನ್ನು ತಿಳಿಯದೆ ಅವರ ಯೋಜನೆಯ ತುಂಟತನ ತಿಳಿಯುವುದಿಲ್ಲ.

ಫ್ರಾನ್ಸಿನಲ್ಲಿ ದುಡಿಯುವ ಜನಕ್ಕೆ ಬೇಸಿಗೆ ರಜೆ ಎಂಬುದು ಸಿಕ್ಕದ್ದು 1936ರಲ್ಲಿ. ಲಿಯೋಂ ಬ್ಲೂಮ್ ಅವರ ಸರ್ಕಾರ ಆ ಜೂನ್‌ನಲ್ಲಿ ಕಾನೂನು ತಂದು ವರ್ಷಕ್ಕೆ ಎರಡು ವಾರ ಸಂಬಳಸಹಿತ ರಜೆ ಕೊಡಿಸಿತು. ಜೊತೆಗೆ ರೈಲು ಟಿಕೆಟ್ಟಿನಲ್ಲಿ ಶೇಕಡಾ 40ರ ರಿಯಾಯಿತಿ. ಕಾರ್ಖಾನೆಯ ಜನ ಮೊದಲ ಬಾರಿಗೆ ಸಮುದ್ರ ನೋಡಲು ಹೊರಟರು. ಆ ವರ್ಷದ ಫೋಟೋಗಳಲ್ಲಿ ಮತ್ತೆ ಮತ್ತೆ ಕಾಣುವುದು ಜೋಡಿ ಸೈಕಲ್ಲು: ಮುಂದೆ ಒಬ್ಬರು, ಹಿಂದೆ ಒಬ್ಬರು ತುಳಿಯುವ ಉದ್ದನೆಯ ಸೈಕಲ್ಲಿನ ಮೇಲೆ ಗಂಡಹೆಂಡತಿ, ಹಿಂದೆ ಕಟ್ಟಿದ ಗಂಟುಮೂಟೆ. ದಂಪತಿಗಳು ಬೇಸಿಗೆಯಲ್ಲಿ ರಸ್ತೆ ಹಿಡಿದು ದೂರ ಹೋಗುವುದು ಶ್ರೀಮಂತರ ಸೊತ್ತಾಗಿದ್ದ ಕಾಲ ಅಲ್ಲಿಗೆ ಮುಗಿಯಿತು.

ಯುದ್ಧದ ನಂತರ ರಜೆ ಬೆಳೆಯಿತು. 1956ರಲ್ಲಿ ಮೂರನೆಯ ವಾರ, 1969ರಲ್ಲಿ ನಾಲ್ಕನೆಯದು. ಅಗ್ಗದ ಪುಟ್ಟ ಕಾರುಗಳು ಬಂದವು. ಜನ ದಕ್ಷಿಣಕ್ಕೆ ಹೋಗುತ್ತಿದ್ದ ದಾರಿ ರಾಷ್ಟ್ರೀಯ ಹೆದ್ದಾರಿ 7. ಪ್ಯಾರಿಸ್ಸಿನಿಂದ ಇಟಲಿಯ ಗಡಿಯ ಮಾಂತೋಂವರೆಗೆ ಸಾವಿರ ಕಿಲೋಮೀಟರಿಗೆ ನಾಲ್ಕೇ ಕಡಿಮೆ. 1955ರಲ್ಲಿ ಶಾರ್ಲ್ ತ್ರೆನೆ ಅದರ ಮೇಲೆ ಹಾಡು ಕಟ್ಟಿದರು, ಅದು ಮನೆಮಾತಾಯಿತು. ಈ ದಾರಿ ಊರುಗಳ ನಡುವಿನಿಂದಲೇ ಹಾಯುತ್ತಿತ್ತು. ಲಿಯೋಂ, ವಾಲಾನ್ಸ್, ಬಾದಾಮಿ ಜೇನುತುಪ್ಪದ ನೂಗಾ ಮಿಠಾಯಿಗೆ ಹೆಸರಾದ ಮೋಂತೆಲಿಮಾರ್, ಅವಿಞೋಂ. ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡರೂ ಪಕ್ಕದಲ್ಲಿ ಅಂಗಡಿ ಇರುತ್ತಿತ್ತು, ಮಿಠಾಯಿ ಕೊಳ್ಳಬಹುದಿತ್ತು.

ಆಮೇಲೆ ಬಂದದ್ದು ‘ಸೂರ್ಯನ ಹೆದ್ದಾರಿ’. 1955ರ ಕಾನೂನೊಂದು ಟೋಲ್ ಸಂಗ್ರಹಿಸಿ ರಸ್ತೆ ಕಟ್ಟಲು ದಾರಿ ಮಾಡಿಕೊಟ್ಟಿತು. ಪ್ಯಾರಿಸ್ಸಿನಿಂದ ಲಿಯೋಂಗೆ ಎ6, ಅಲ್ಲಿಂದ ಮಾರ್ಸೇಗೆ ಎ7. ಇಡೀ ದಾರಿ ಒಂದಾದದ್ದು 1970ರಲ್ಲಿ. ಬೆಂಗಳೂರು–ಮೈಸೂರು ದಶಪಥದಲ್ಲಿ ಹೋಗಿ ಬಂದವರಿಗೆ ಇದನ್ನು ವಿವರಿಸಬೇಕಿಲ್ಲ. ರಾಮನಗರವೂ ಮದ್ದೂರೂ ಬೋರ್ಡಿನ ಮೇಲಿನ ಹೆಸರಾಗಿ ಹಿಂದೆ ಸರಿಯುವಂತೆ, ಅಲ್ಲಿಯೂ ಊರುಗಳು ಬೇಲಿಯಾಚೆ ಉಳಿದವು. ಹತ್ತುವಲ್ಲಿ ಒಂದು ಗೇಟು, ಇಳಿಯುವಲ್ಲಿ ಒಂದು ಗೇಟು. ನಡುವೆ ಹತ್ತು ಹನ್ನೆರಡು ಕಿಲೋಮೀಟರಿಗೊಂದು ತಂಗುದಾಣ. ಕೆಲವದರಲ್ಲಿ ಪೆಟ್ರೋಲ್ ಬಂಕು, ಹೋಟೆಲು. ಉಳಿದವುಗಳಲ್ಲಿ ನಾಲ್ಕು ಮರ, ಎರಡು ಬೆಂಚು, ಒಂದು ಶೌಚಾಲಯ. 1974ರಿಂದ ವೇಗದ ಮಿತಿ ಗಂಟೆಗೆ 130 ಕಿಲೋಮೀಟರ್. ಅಲ್ಲಿ ನಿಲ್ಲುವುದೆಂದರೆ ಮತ್ತೆ ಓಡಲು ದಣಿವಾರಿಸಿಕೊಳ್ಳುವುದಷ್ಟೇ.

ವೇಗಕ್ಕೆಂದೇ ಕಟ್ಟಿದ ರಸ್ತೆ ಬೇಸಿಗೆಯಲ್ಲಿ ನಿಂತೇ ಹೋಗುತ್ತಿತ್ತು. ಎಲ್ಲರ ರಜೆಯೂ ಜುಲೈ ಕೊನೆಗೆ, ಆಗಸ್ಟ್ ಮೊದಲಿಗೆ. 1975ರ ಆಗಸ್ಟ್ ಆರಂಭದ ವಾರಾಂತ್ಯದಲ್ಲಿ ದೇಶದ ರಸ್ತೆಗಳಲ್ಲೆಲ್ಲ ಸೇರಿ ನೂರಾರು ಕಿಲೋಮೀಟರ್ ವಾಹನಗಳು ಸಾಲುಗಟ್ಟಿ ನಿಂತವು. ಮರುವರ್ಷ ಸರ್ಕಾರ ‘ಬಿಸೋಂ ಫ್ಯೂತೆ’ ಎಂಬ ಮುನ್ಸೂಚನೆಯ ಏರ್ಪಾಡು ತಂದಿತು. ಜಾಣ ಕಾಡೆಮ್ಮೆ ಎಂದು ಅದರ ಅರ್ಥ. ಯಾವ ದಿನ, ಎಷ್ಟು ಹೊತ್ತಿಗೆ ಹೊರಡಬೇಕು, ಯಾವ ಒಳದಾರಿ ಹಿಡಿಯಬೇಕು ಎಂದು ಅದು ಹೇಳಿಕೊಡುತ್ತಿತ್ತು. ಬೇಸಿಗೆ ಪ್ರವಾಸದ ಯೋಜನೆ ಎಂದರೆ ಫ್ರಾನ್ಸಿನ ಸಾಮಾನ್ಯ ಸಂಸಾರಕ್ಕೆ ಆಗ ಇದೇ ಆಗಿತ್ತು: ದಾರಿಯಲ್ಲಿ ಕಳೆಯುವ ಹೊತ್ತನ್ನು ಆದಷ್ಟು ಕಡಿಮೆ ಮಾಡುವುದು. 1982ರ ಜನವರಿಯಲ್ಲಿ ಸರ್ಕಾರ ಐದನೆಯ ವಾರದ ರಜೆಯನ್ನೂ ಕೊಟ್ಟಿತು. ಕೊರ್ತಾಸಾರ್ ಮತ್ತು ಕ್ಯಾರಲ್ ಹೊರಟದ್ದು ಆ ವರ್ಷವೇ, ಜನರಿಗೆ ಹೆಚ್ಚು ಬಿಡುವು ಸಿಕ್ಕಷ್ಟೂ ರಸ್ತೆಯ ಮೇಲೆ ಅವಸರ ಹೆಚ್ಚುತ್ತಿದ್ದ ಕಾಲದಲ್ಲಿ.

ಕೊರ್ತಾಸಾರ್‌ಗೆ ಈ ರಸ್ತೆ ಹೊಸದಲ್ಲ. ದಕ್ಷಿಣದ ಪ್ರೊವಾನ್ಸ್ ಸೀಮೆಯ ಸೆಞೋಂ ಎಂಬ ಹಳ್ಳಿಯಲ್ಲಿ ಅವರಿಗೊಂದು ಮನೆಯಿತ್ತು. 1966ರಷ್ಟು ಹಿಂದೆಯೇ ‘ದಕ್ಷಿಣದ ಹೆದ್ದಾರಿ’ ಎಂಬ ಕತೆ ಬರೆದಿದ್ದರು. ಭಾನುವಾರ ಪ್ಯಾರಿಸ್ಸಿಗೆ ಮರಳುವ ಕಾರುಗಳು ಒಂದು ಜಾಮಿನಲ್ಲಿ ಸಿಕ್ಕಿಕೊಳ್ಳುತ್ತವೆ. ಜಾಮ್ ಬಿಡುವುದೇ ಇಲ್ಲ. ದಿನಗಳು ಉರುಳುತ್ತವೆ, ಚಳಿ ಬರುತ್ತದೆ, ಜನ ನೀರು ಅನ್ನ ಹಂಚಿಕೊಳ್ಳಲು ಗುಂಪು ಕಟ್ಟುತ್ತಾರೆ. ಅಲ್ಲೇ ಸಾವು, ಅಲ್ಲೇ ಪ್ರೇಮ. ಆಮೇಲೆ ಇದ್ದಕ್ಕಿದ್ದಂತೆ ರಸ್ತೆ ಬಿಡುತ್ತದೆ, ಎಲ್ಲರೂ ವೇಗ ಹಿಡಿಯುತ್ತಾರೆ, ಒಬ್ಬರಿಗೊಬ್ಬರು ಸಿಕ್ಕದಂತೆ ಚದುರಿಹೋಗುತ್ತಾರೆ. ಆ ಕತೆಯಲ್ಲಿ ಜನ ಗತ್ಯಂತರವಿಲ್ಲದೆ ನಿಂತಿದ್ದರು. ಹದಿನಾರು ವರ್ಷದ ನಂತರ ಅದೇ ರಸ್ತೆಯ ಮೇಲೆ ಬೇಕೆಂದೇ ನಿಲ್ಲಲು ಅವರು ಹೆಂಡತಿಯ ಜೊತೆ ಕೂತು ಯೋಜನೆ ಹಾಕಿದರು.

*

ಯೋಜನೆ ಮೊಳೆತದ್ದು 1978ರಲ್ಲಿ. ಇಬ್ಬರೂ ವ್ಯಾನಿನಲ್ಲಿ ದಕ್ಷಿಣಕ್ಕೆ ಹೋಗುವಾಗ ತಂಗುದಾಣಗಳಲ್ಲಿ ನಿಲ್ಲುವುದು ರೂಢಿಯಾಗಿ, ಎಲ್ಲದರಲ್ಲೂ ಯಾಕೆ ನಿಲ್ಲಬಾರದು ಅನ್ನಿಸಿತ್ತು. ಹೊರಟದ್ದು ನಾಲ್ಕು ವರ್ಷದ ನಂತರ. ನಡುವೆ ನೂರೆಂಟು ಅಡ್ಡಿ. ಲ್ಯಾಟಿನ್ ಅಮೆರಿಕದ ಸಭೆಗಳು, ಮಾನವ ಹಕ್ಕುಗಳ ಕೆಲಸ, ನಿಕರಾಗುವಾಕ್ಕೆ ಓಡಾಟ. 1981ರ ಆಗಸ್ಟಿನಲ್ಲಿ ಕೊರ್ತಾಸಾರ್‌ಗೆ ಹೊಟ್ಟೆಯೊಳಗೆ ತೀವ್ರ ರಕ್ತಸ್ರಾವವಾಗಿ ಆಸ್ಪತ್ರೆ ಸೇರಿದರು. ಕ್ಯಾರಲ್‌ ಆರೋಗ್ಯವೂ ಗಟ್ಟಿಯಿರಲಿಲ್ಲ. ‘ವಿದಾಯ’ ಎಂಬ ನನ್ನ ವಾದಕ್ಕೆ ಮುಖ್ಯ ಆಧಾರ ಇದೇ ಆಗಿತ್ತು. ಸಾವನ್ನು ಹತ್ತಿರದಿಂದ ನೋಡಿದವರು ಕೊನೆಯ ಪ್ರವಾಸಕ್ಕೆ ಹೊರಟರು ಎಂದು.

ಆದರೆ ತಯಾರಿಯ ಪುಟಗಳನ್ನು ಬಿಡಿಸಿ ನೋಡಿದರೆ ಇನ್ನೊಂದೇ ಚಿತ್ರ ಕಾಣುತ್ತದೆ. ಅವರು ಮೊದಲು ಮಾಡಿದ್ದು ಆಟದ ನಿಯಮಗಳನ್ನು. ಒಂದು, ಮಾರ್ಸೇ ತಲುಪುವವರೆಗೆ ಒಮ್ಮೆಯೂ ಹೆದ್ದಾರಿ ಬಿಟ್ಟು ಹೋಗಬಾರದು. ಎರಡು, ದಿನಕ್ಕೆ ಎರಡು ತಂಗುದಾಣ, ಎರಡನೆಯದರಲ್ಲಿಯೇ ರಾತ್ರಿ ಕಳೆಯಬೇಕು, ಅದು ಎಷ್ಟೇ ಕೆಟ್ಟದಾಗಿದ್ದರೂ. ಮೂರು, ಪ್ರತಿ ತಂಗುದಾಣವನ್ನೂ ವಿಜ್ಞಾನಿಗಳಂತೆ ಪರಿಶೀಲಿಸಿ ಟಿಪ್ಪಣಿ ಮಾಡಬೇಕು. ನಾಲ್ಕು, ಹಿಂದಿನ ಕಾಲದ ಮಹಾ ಅನ್ವೇಷಕರ ದಿನಚರಿಗಳ ಮಾದರಿಯಲ್ಲಿ ಒಂದು ಪುಸ್ತಕ ಬರೆಯಬೇಕು. ಹೆದ್ದಾರಿಯೊಳಗೇ ಇರುವ ಅಂಗಡಿ, ಹೋಟೆಲು, ಮಲಗುವ ಕೋಣೆಗಳನ್ನು ಬಳಸಿದರೆ ತಪ್ಪಿಲ್ಲ.

ಕುಂಟೆಬಿಲ್ಲೆ ಆಡಿದ ಯಾರಿಗಾದರೂ ಇದು ಗುರುತು ಸಿಕ್ಕಬೇಕು. ಗೆರೆ ತುಳಿಯುವಂತಿಲ್ಲ, ಮನೆ ಬಿಟ್ಟು ಹಾರುವಂತಿಲ್ಲ, ಬಿಲ್ಲೆ ಬಿದ್ದಲ್ಲಿ ನಿಲ್ಲಲೇಬೇಕು. ತಿಂಗಳು ಎಂಬ ಲೆಕ್ಕವೂ ಹೀಗೆ ಬಂದದ್ದೇ. 65ನ್ನು ಎರಡರಿಂದ ಭಾಗಿಸಿದರೆ 33 ದಿನ. ಉಳಿದಿರುವ ಆಯುಷ್ಯಕ್ಕೆ ಹೊಂದಿಸಿಕೊಂಡ ಅಂಕಿ ಅದು ಎಂದು ನಾನು ಬರೆದಿದ್ದೆ. ರಸ್ತೆ ಇಲಾಖೆಯ ಎಂಜಿನಿಯರುಗಳು ತಂಗುದಾಣಗಳನ್ನು ಎಲ್ಲೆಲ್ಲಿ ಕಟ್ಟಿದ್ದರೋ ಅದರಿಂದ ಹುಟ್ಟಿದ ಅಂಕಿ ಅದು.

ಎರಡನೆಯದು ಸಾಮಾನು. ವ್ಯಾನು ಕೆಂಪು ಬಣ್ಣದ ಫೋಕ್ಸ್‌ವ್ಯಾಗನ್. ಅದಕ್ಕೆ ಫಾಫ್ನರ್ ಎಂದು ಹೆಸರಿಟ್ಟಿದ್ದರು, ವಾಗ್ನರ್‌ನ ಸಂಗೀತ ನಾಟಕದಲ್ಲಿ ನಿಧಿ ಕಾಯುವ ಡ್ರ್ಯಾಗನ್ನಿನ ಹೆಸರು. ಒಳಗೆ ಹಾಸಿಗೆ, ಒಲೆ, ದಿನಸಿ, ವೈನು, ವಿಸ್ಕಿ, ರೇಡಿಯೊ, ಪುಸ್ತಕಗಳು, ಕ್ಯಾಮೆರಾ. ಕಣ್ಣಿಗೆ ಹೊಡೆಯುವ ಹೂವಿನ ಚಿತ್ತಾರದ ಎರಡು ಮಡಿಚುವ ಕುರ್ಚಿಗಳು. ಅವುಗಳಿಗೆ ‘ಹೂವಿನ ಭಯಂಕರಗಳು’ ಎಂದು ಅವರೇ ಅಡ್ಡಹೆಸರಿಟ್ಟಿದ್ದರು. ಮತ್ತೆ ಎರಡು ಟೈಪ್‌ರೈಟರುಗಳು. ಈ ಕೊನೆಯ ವಿವರದ ಮೇಲೆ ನಾನು ಮೊದಲ ಓದಿನಲ್ಲಿ ಕಣ್ಣೇ ಹಾಯಿಸಿರಲಿಲ್ಲ. ಗಂಡ ಬರೆಯುತ್ತಾನೆ, ಹೆಂಡತಿ ಜೊತೆಗಿರುತ್ತಾಳೆ ಎಂಬ ಪ್ರವಾಸ ಕಥನಗಳು ನನ್ನ ಸಂಶೋಧನೆಯಲ್ಲಿ ಹೆಜ್ಜೆಗೊಂದು ಸಿಕ್ಕಿವೆ. ಎಷ್ಟೋ ಕಡೆ ಆ ಹೆಂಡತಿಗೆ ಹೆಸರೂ ಇರುವುದಿಲ್ಲ. ಇಲ್ಲಿ ಇಬ್ಬರೂ ತಮ್ಮ ತಮ್ಮ ಭಾಷೆಯಲ್ಲಿ ಬರೆಯುವುದೆಂದು ಹೊರಡುವ ಮೊದಲೇ ತೀರ್ಮಾನವಾಗಿತ್ತು.

ಮೂರನೆಯದು ಆಹಾರದ ಏರ್ಪಾಡು. ಹಳೆಯ ಹಡಗುಗಳಲ್ಲಿ ತಾಜಾ ಹಣ್ಣು ತರಕಾರಿ ಸಿಗದೆ ನಾವಿಕರ ವಸಡಿನಲ್ಲಿ ರಕ್ತ ಬಂದು ಸಾಯುತ್ತಿದ್ದರಲ್ಲ, ಆ ಸ್ಕರ್ವಿ ತಮಗೂ ಬಂದೀತೆಂದು ಇವರು ತಮಾಷೆಯಾಗಿ ಹೆದರುತ್ತಾರೆ. ಅದಕ್ಕೆಂದೇ ಗೆಳೆಯರು ಗೊತ್ತುಮಾಡಿದ ದಿನ ಹೆದ್ದಾರಿ ಹತ್ತಿ ಬಂದು ತಾಜಾ ತಿನಿಸು ಕೊಟ್ಟು ಹೋಗಬೇಕೆಂದು ಒಪ್ಪಂದವಾಯಿತು. ಗೆಳೆಯರು ಮಾತಿಗೆ ತಪ್ಪಲಿಲ್ಲ.

ಕೊನೆಯದು, ಹೆದ್ದಾರಿ ಕಂಪನಿಗೆ ಬರೆದ ಆ ಪತ್ರ. ನಿಜಕ್ಕೂ ಅನುಮತಿ ಬೇಕಿತ್ತೋ, ಅನುಮತಿ ಕೇಳುವುದೂ ಆಟದ ಭಾಗವೋ ಹೇಳುವುದು ಕಷ್ಟ. ಕೊಲಂಬಸ್ ರಾಣಿಯ ಆಸ್ಥಾನದಲ್ಲಿ ಅಪ್ಪಣೆಗೆ ಕಾದಂತೆ ಇವರು ನಿರ್ದೇಶಕರ ಕಚೇರಿಯ ಅಪ್ಪಣೆಗೆ ಕಾದರು. ಅದರ ನಗೆ ಒಂದು ಕಡೆಗಿರಲಿ. ಯಾರನ್ನೂ ಕೇಳದೆ ಕದ್ದು ಹೋಗಿ ಬರಬಹುದಿದ್ದ ಪ್ರವಾಸಕ್ಕೆ ಅರ್ಜಿ ಹಾಕುವುದೆಂದರೆ, ತಾವು ಮಾಡಲಿರುವುದನ್ನು ನಾಲ್ಕು ಜನರೆದುರು ಘೋಷಿಸಿದಂತೆ. ಪ್ಯಾರಿಸ್ಸಿನಿಂದ ಮಾರ್ಸೇಗೆ ಇರುವುದು ದೂರವಷ್ಟೇ ಅಲ್ಲ, ಅಲ್ಲೊಂದು ಸೀಮೆಯೇ ಇದೆ ಎಂದು ಆ ಅರ್ಜಿ ಹೇಳುತ್ತದೆ.

*

ಹೊರಟ ಮೇಲೆ ದಿನಕ್ಕೆ ಅವರು ಕ್ರಮಿಸಿದ್ದು ಸರಾಸರಿ 24 ಕಿಲೋಮೀಟರ್. ಯುಗಾದಿಗೆ ನಮ್ಮ ಉತ್ತರ ಕರ್ನಾಟಕದಿಂದ ಶ್ರೀಶೈಲಕ್ಕೆ ಪಾದಯಾತ್ರೆ ಹೋಗುವವರು ದಿನಕ್ಕೆ ಅದಕ್ಕಿಂತ ಹೆಚ್ಚೇ ನಡೆದಾರು. ಒಂದು ತಂಗುದಾಣದಿಂದ ಇನ್ನೊಂದಕ್ಕೆ ಹೋಗಲು ಹತ್ತು ನಿಮಿಷ. ಉಳಿದ ಹೊತ್ತೆಲ್ಲ ಇರುವುದು.

ಇದ್ದು ಏನು ಮಾಡಿದರು? ಬೆಳಗಿನ ಉಷ್ಣಾಂಶ ಎಷ್ಟು, ತಿಂಡಿಗೆ ಏನು, ಊಟಕ್ಕೆ ಏನು, ಫಾಫ್ನರಿನ ಮೂತಿ ಯಾವ ದಿಕ್ಕಿಗಿದೆ ಎಂದು ಹಡಗಿನ ದಿನಚರಿಯ ಗಾಂಭೀರ್ಯದಲ್ಲಿ ಬರೆದಿಟ್ಟರು. ಮರಗಳನ್ನು ನೋಡಿದರು. ಇರುವೆಗಳನ್ನು, ಹಕ್ಕಿಗಳನ್ನು ನೋಡಿದರು. ಲಾರಿಗಳು ಯಾವ ಯಾವ ದೇಶದಿಂದ ಬಂದವೆಂದು ಗುರುತು ಹಾಕಿಕೊಂಡರು. ಹಗಲು ಕಾರುಗಳಿಂದ ಇಳಿದು ಐದು ನಿಮಿಷದಲ್ಲಿ ಸ್ಯಾಂಡ್‌ವಿಚ್ ತಿಂದು ಓಡುವ ಸಂಸಾರಗಳು. ರಾತ್ರಿ ಸಾಲಾಗಿ ನಿಂತ ಲಾರಿಗಳು, ಒಳಗೆ ನಿದ್ದೆ ಹೋದ ಡ್ರೈವರುಗಳು. ಅಕ್ಷರದಲ್ಲಿ ದಾಖಲಾಗುವಷ್ಟು ಹೊತ್ತು ಆ ಜಾಗಗಳಲ್ಲಿ ಯಾರೂ ಹಿಂದೆ ನಿಂತಿರಲಿಲ್ಲ. ಹೆಸರಿದ್ದೂ ಊರಲ್ಲದ, ಯಾರ ಮನೆಯೂ ಇಲ್ಲದ ಜಾಗಗಳು ಅವು. ಸಾಮಾಜಿಕ ಚರಿತ್ರೆ ಬರೆಯುವವನಿಗೆ 1980ರ ದಶಕದ ಹೆದ್ದಾರಿಯ ಬದುಕಿನ ಬಗ್ಗೆ ಇದಕ್ಕಿಂತ ಒಳ್ಳೆಯ ಆಕರ ಸಿಗುವುದು ಕಷ್ಟ. ಆಟಕ್ಕೆಂದು ಮಾಡಿದ ವಿಜ್ಞಾನ ನಿಜಕ್ಕೂ ವಿಜ್ಞಾನವಾಗಿಬಿಟ್ಟಿದೆ.

ಒಬ್ಬರನ್ನೊಬ್ಬರು ಅವರು ಕರೆದುಕೊಂಡದ್ದು ತೋಳ, ಕರಡಿಮರಿ ಎಂದು. ಪುಸ್ತಕದ ತುಂಬ ಈ ಹೆಸರುಗಳೇ. ದಾಂಪತ್ಯದ ಬಗ್ಗೆ ದೊಡ್ಡ ಮಾತುಗಳು ಕಡಿಮೆ. ಒಬ್ಬರು ಟೈಪ್ ಮಾಡುವಾಗ ಇನ್ನೊಬ್ಬರು ನಿದ್ದೆ ಮಾಡುವುದು, ನೆರಳು ಸರಿದಂತೆ ಕುರ್ಚಿ ಸರಿಸುವುದು, ಒಬ್ಬರು ಬರೆದದ್ದನ್ನು ಇನ್ನೊಬ್ಬರು ಓದುವುದು, ಇಂಥವೇ. ಮೇಜಿಗೆ ಕರೆಯಲು ಫೋನಿಲ್ಲ, ಸಹಿ ಹಾಕಲು ಮನವಿಪತ್ರಗಳಿಲ್ಲ. ನಾಲ್ಕು ವರ್ಷ ಅವರಿಗೆ ಸಿಗದೇ ಹೋಗಿದ್ದು ಇದೇ ಎಂದು ನನಗೆ ಎರಡನೆಯ ಓದಿನಲ್ಲಿ ತಿಳಿಯಿತು. ಜನ ದಟ್ಟವಾಗಿ ಹಾಯುವ ರಸ್ತೆಯನ್ನೇ ಅವರು ಏಕಾಂತಕ್ಕೆ ಆರಿಸಿಕೊಂಡಿದ್ದರು, ಏಕೆಂದರೆ ಅಲ್ಲಿ ಯಾರಿಗೂ ನಿಂತು ಮಾತಾಡಿಸುವಷ್ಟು ಪುರುಸೊತ್ತಿರಲಿಲ್ಲ.

ಹೊರಗಿನ ಲೋಕ ಸುಮ್ಮನಿರಲಿಲ್ಲ. ಆ ವರ್ಷದ ಏಪ್ರಿಲ್ 2ರಂದು ಅರ್ಜೆಂಟೀನಾದ ಸೇನಾಡಳಿತ ಫಾಕ್‌ಲ್ಯಾಂಡ್ಸ್ ದ್ವೀಪಗಳನ್ನು ಹಿಡಿದುಕೊಂಡಿತ್ತು. ಬ್ರಿಟನ್ನಿನೊಂದಿಗೆ ಯುದ್ಧ ನಡೆದು ಜೂನ್ 14ರಂದು ಅರ್ಜೆಂಟೀನಾ ಶರಣಾಯಿತು. ಕೊರ್ತಾಸಾರ್ ಹೆದ್ದಾರಿಯ ಮೇಲಿದ್ದ ದಿನಗಳಲ್ಲೇ ಅವರ ನಾಡಿನ ಹುಡುಗರು ದಕ್ಷಿಣ ಅಟ್ಲಾಂಟಿಕ್‌ನಲ್ಲಿ ಸಾಯುತ್ತಿದ್ದರು. ಪ್ರವಾಸದ ಪುಸ್ತಕ ಎಷ್ಟು ಹಗುರವಾಗಿದೆಯೋ ಅದರ ಸುತ್ತಲಿನ ಕಾಲ ಅಷ್ಟು ಹಗುರವಾಗಿರಲಿಲ್ಲ ಎಂಬುದಕ್ಕೆ ಇದನ್ನು ಹೇಳಿದೆ.

ಜೂನ್ 23ರಂದು ಮಾರ್ಸೇ ತಲುಪಿದರು. ಹೆದ್ದಾರಿ ಇಳಿದಾಗ ಇಬ್ಬರಿಗೂ ಗೆದ್ದ ಖುಷಿಗಿಂತ ಹೆಚ್ಚಾಗಿ ಬೇಸರವೇ ಆಯಿತು. ಆಟ ಮುಗಿದ ಮಕ್ಕಳ ಬೇಸರ ಅದು.

*

ಇನ್ನೊಂದು ಘಟನೆ. ಜುಲೈ 31ರ ಬೆಳಗಿನ ಜಾವ, ಅದೇ ಎ6 ಹೆದ್ದಾರಿಯಲ್ಲಿ ಬೋನ್ ಊರಿನ ಹತ್ತಿರ, ರಜೆಗೆ ಹೊರಟ ಮಕ್ಕಳಿದ್ದ ಬಸ್ಸುಗಳು ಕಾರುಗಳೊಂದಿಗೆ ಡಿಕ್ಕಿಯಾಗಿ ಬೆಂಕಿ ಹತ್ತಿಕೊಂಡವು. 53 ಜನ ಸತ್ತರು, ಅವರಲ್ಲಿ ಬಹುಪಾಲು ಮಕ್ಕಳು. ಫ್ರಾನ್ಸಿನ ಚರಿತ್ರೆಯಲ್ಲೇ ಅತಿ ಭೀಕರವಾದ ರಸ್ತೆ ಅಪಘಾತ ಅದು. ಆಮೇಲೆ ರಜೆಯ ದಟ್ಟಣೆಯ ದಿನಗಳಲ್ಲಿ ಮಕ್ಕಳನ್ನು ಬಸ್ಸಿನಲ್ಲಿ ದೂರ ಒಯ್ಯುವುದನ್ನೇ ನಿಷೇಧಿಸಿದರು. ಕೊರ್ತಾಸಾರ್ ಮತ್ತು ಕ್ಯಾರಲ್ ಆ ದಾರಿಯನ್ನು ಹಾದು ಹೋಗಿ ಎರಡು ತಿಂಗಳೂ ಆಗಿರಲಿಲ್ಲ.

ಈಗ ನಾನು ಮಾಡಿದ ತಪ್ಪು ನನಗೆ ಸ್ಪಷ್ಟವಾಗಿ ಕಾಣುವುದು ಇಲ್ಲಿಯೇ. ಜುಲೈನ ಅಪಘಾತದ ನೆರಳನ್ನು ಮೇ ತಿಂಗಳ ದಿನಚರಿಯ ಮೇಲೆ ಯಾರೂ ಹಾಯಿಸುವುದಿಲ್ಲ. ಬೋನ್ ಹತ್ತಿರದ ಪುಟಗಳಲ್ಲಿ ಆ ಮಕ್ಕಳ ಸಾವಿನ ಸುಳಿವು ಹುಡುಕಿದರೆ ನಗುತ್ತಾರೆ. ನವೆಂಬರಿನ ಸಾವಿನ ವಿಷಯದಲ್ಲಿ ಮಾತ್ರ ನಾನು ಅದನ್ನೇ ಮಾಡಿದ್ದೆ, ಸೆಮಿನಾರಿನಲ್ಲಿ ಬಹಳ ಜನ ತಲೆದೂಗಿದ್ದರು.

ಮಾರ್ಸೇಯಿಂದ ಬಂದ ಇಬ್ಬರೂ ಅದೇ ಬೇಸಿಗೆಯಲ್ಲಿ ನಿಕರಾಗುವಾಕ್ಕೆ ಹೋದರು. ಅಲ್ಲಿ 1979ರ ಕ್ರಾಂತಿಯ ನಂತರದ ಸರ್ಕಾರದ ಜೊತೆ ಅವರಿಗೆ ಕೆಲಸಗಳಿದ್ದವು. ಎಲ್ಲ ಮುಗಿಯಿತೆಂದು ವಿದಾಯ ಹೇಳಿ ಬಂದವರು ಮುಂದಿನ ತಿಂಗಳಿಗೇ ಇನ್ನೊಂದು ಖಂಡದ ಕೆಲಸ ಇಟ್ಟುಕೊಂಡಿರುವುದಿಲ್ಲ. ಕ್ಯಾರಲ್ ಹಾಸಿಗೆ ಹಿಡಿದದ್ದು ಆಮೇಲೆ. ಪ್ಯಾರಿಸ್ಸಿಗೆ ಮರಳಿ, ಆಸ್ಪತ್ರೆ ಸೇರಿ, ನವೆಂಬರಿನಲ್ಲಿ ತೀರಿಕೊಂಡರು. ಅರ್ಧಕ್ಕೆ ನಿಂತಿದ್ದ ಪುಸ್ತಕವನ್ನು ಕೊರ್ತಾಸಾರ್ ಒಬ್ಬರೇ ಮುಗಿಸಿದರು. ಹೆಂಡತಿ ಫ್ರೆಂಚಿನಲ್ಲಿ ಬರೆದಿದ್ದ ಪುಟಗಳನ್ನು ತಮ್ಮ ಸ್ಪ್ಯಾನಿಶಿಗೆ ತಾವೇ ತಂದರು. ಜೀವನವಿಡೀ ಅನುವಾದದಲ್ಲಿ ಅನ್ನ ದುಡಿದ ಮನುಷ್ಯ ಆ ಚಳಿಗಾಲದಲ್ಲಿ ಮಾಡಿದ ಅನುವಾದ ಅದು. 1982ರ ಡಿಸೆಂಬರಿನಲ್ಲಿ ಬರೆದ ಕೊನೆಯ ಟಿಪ್ಪಣಿಯಲ್ಲಿ ಕ್ಯಾರಲ್‌ ಸಾವನ್ನು ಓದುಗರಿಗೆ ತಿಳಿಸಿ, ಪುಸ್ತಕದ ಗೌರವಧನ ನಿಕರಾಗುವಾದ ಜನರಿಗೆ ಎಂದರು. ಈಗ ಇಬ್ಬರೂ ಪ್ಯಾರಿಸ್ಸಿನ ಮೋಂಪಾರ್ನಾಸ್ ಸ್ಮಶಾನದಲ್ಲಿ ಒಂದೇ ಸಮಾಧಿಯಲ್ಲಿದ್ದಾರೆ.

ಆ ಟಿಪ್ಪಣಿ ಬರುವುದು ಪುಸ್ತಕದ ಕೊನೆಯಲ್ಲಿ, ಮುನ್ನುಡಿಯಲ್ಲಲ್ಲ. ಕೊರ್ತಾಸಾರ್ ಬೇಕಿದ್ದರೆ ಅದನ್ನು ಮೊದಲಿಗೇ ಇಡಬಹುದಿತ್ತು, ಓದುಗರು ಮೊದಲ ಪುಟದಿಂದಲೇ ಕಣ್ಣೀರು ಒರೆಸಿಕೊಳ್ಳುತ್ತಿದ್ದರು. ಅವರು ಇಡಲಿಲ್ಲ. ಕಷ್ಟಪಟ್ಟು ಸಂಪಾದಿಸಿದ ಆ ಒಂದು ತಿಂಗಳ ಮೇಲೆ ನವೆಂಬರಿನ ನೆರಳು ಬೀಳದಂತೆ ನೋಡಿಕೊಂಡರು. ಆ ಕ್ರಮವನ್ನು ಕೆಡಿಸಿ ಓದಿದವನು ನಾನು.

ಯೋಜನೆಗಳನ್ನು ನಾವು ಚರಿತ್ರೆಯ ಆಕರವಾಗಿ ಓದುವುದು ಕಡಿಮೆ. ಆಗಿಹೋದದ್ದರ ದಾಖಲೆಗೆ ಇರುವ ಬೆಲೆ ಆಗಬೇಕೆಂದುಕೊಂಡದ್ದರ ದಾಖಲೆಗಿಲ್ಲ. ಒಂದು ಅರ್ಜಿ, ಒಂದು ಸಾಮಾನಿನ ಪಟ್ಟಿ, ಗೆಳೆಯರೊಂದಿಗೆ ಗೊತ್ತುಮಾಡಿಕೊಂಡ ದಿನಾಂಕ, ಇವುಗಳಲ್ಲಿ ಇರುವ ಮನುಷ್ಯರಿಗೆ ನಾಳೆ ಏನೆಂದು ತಿಳಿದಿರುವುದಿಲ್ಲ. ನಮಗೆ ತಿಳಿದಿರುತ್ತದೆ. ಆ ತಿಳಿವನ್ನು ಅವರ ಮೇಲೆ ಹೇರದೆ ಓದುವುದು ನಮ್ಮ ಕಸುಬಿನ ಕಷ್ಟದ ಭಾಗ. ಮಾಡದಿದ್ದರೆ ಅವರು ನಕ್ಕ ನಗುವೂ ನಮ್ಮ ಪಾಲಿಗೆ ದುಃಖದ ಪೀಠಿಕೆಯಾಗಿಬಿಡುತ್ತದೆ.

ನನ್ನ ಅಧ್ಯಾಯವನ್ನು ಮತ್ತೆ ಬರೆದೆ. ಈಗ ಅದು ಮೇ 9ರ ಪತ್ರದಿಂದ ಶುರುವಾಗಿ ಜೂನ್ 23ಕ್ಕೆ ನಿಲ್ಲುತ್ತದೆ. ಮುಂದಿನದಕ್ಕೆ ಬೇರೆ ಅಧ್ಯಾಯವಿದೆ. ತಿದ್ದಿದ ಕರಡನ್ನು ಆ ಮೇಷ್ಟ್ರಿಗೆ ಕಳಿಸಿದ್ದೆ. ಓದಿ ಫೋನ್ ಮಾಡಿದರು. ಹೊಗಳಲಿಲ್ಲ. ‘ಆ ಹೂವಿನ ಕುರ್ಚಿ ಮಾರ್ಸೇ ಮುಟ್ಟೋವರೆಗೂ ಬಾಳಿಕೆ ಬಂತೇನ್ರೀ?’ ಅಂತ ಕೇಳಿದರು.